ಹಿಮದ ಹಾದಿಗೆ ಟ್ಯಾಂಕ್ ಹತ್ತಿಸಿದ ಕೊಡಗಿನ ಸೇನಾನಿ ಜನರಲ್ ತಿಮ್ಮಯ್ಯ

ಚಿತ್ರದುರ್ಗ: ಹೊಸದುರ್ಗ, ಹೊಳಲ್ಕೆರೆಗಳ ತೆಂಗು-ಅಡಿಕೆ ತೋಟಗಳ ನಡುವೆ ಬೆಳೆದವರಿಗೆ ಹಿಮವೆಂದರೆ ಚಲನಚಿತ್ರದಲ್ಲಿ ಕಂಡ ದೃಶ್ಯ ಮಾತ್ರ. ಆದರೆ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ದೆಹಲಿಯವರೆಗೂ ಸಾಗುತ್ತದೆ. ಅಲ್ಲಿಂದಾಚೆಗೆ ಶ್ರೀನಗರ ತಲುಪಿ ಲಡಾಖ್‌ನತ್ತ ಹೊರಟವರಿಗೆ ಎದುರಾಗುವುದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಮಾರ್ಗ. ಎಸ್‌ಯುವಿ ಏರಿ ಆ ದಾರಿ ಹಿಡಿಯುವ ಕನ್ನಡಿಗರು ಅರಿಯಬೇಕಾದ ಒಂದು ಸಂಗತಿಯಿದೆ. ವಾಹನಗಳ ಮಟ್ಟಿಗೆ ಅಸಾಧ್ಯವೆನಿಸಿದ್ದ ಈ ಹಿಮದ ಹಾದಿಯಲ್ಲಿ 1948ರ ನವೆಂಬರ್ 1ರಂದು ಯುದ್ಧಟ್ಯಾಂಕ್‌ಗಳನ್ನು ನಡೆಸಿದವರು ಕೊಡಗಿನ ಮಗ, ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

1906ರ ಮಾರ್ಚ್ 31ರಂದು ಮಡಿಕೇರಿಯ ಕಾಫಿ ಬೆಳೆಗಾರರ ಮನೆತನದಲ್ಲಿ ಜನಿಸಿದ ತಿಮ್ಮಯ್ಯನವರು ಕೂನೂರಿನಲ್ಲಿ, ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಡೆಹ್ರಾಡೂನ್‌ನ ಸೈನಿಕ ಕಾಲೇಜನ್ನು ಮುಗಿಸಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಆಯ್ಕೆಯಾದ ಅವರು 1926ರಲ್ಲಿ ಅಧಿಕಾರಿಯಾಗಿ ಸೇನೆ ಸೇರಿದರು. ಪರಕೀಯರ ಆಳ್ವಿಕೆಯ ಸೇನೆಯಲ್ಲಿ ಭಾರತೀಯ ಅಧಿಕಾರಿಗಳು ಬೆರಳೆಣಿಕೆಯಷ್ಟೇ ಇದ್ದ ಕಾಲವದು. 1935ರಲ್ಲಿ ಕ್ವೆಟ್ಟಾ ನಗರವು ಭೂಕಂಪದಿಂದ ನೆಲಸಮವಾದಾಗ ತಿಮ್ಮಯ್ಯ ಹಾಗೂ ಅವರ ಪತ್ನಿ ನೀನಾ ಅವರು ಪರಿಹಾರ ಕಾರ್ಯದಲ್ಲಿ ತೊಡಗಿದ್ದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕಾಡುಗಳಲ್ಲಿ ಹೋರಾಡಿ, ರಣರಂಗದಲ್ಲಿ ಬ್ರಿಗೇಡ್ ಮುನ್ನಡೆಸಿದ ಮೊದಲ ಭಾರತೀಯರೆಂಬ ಕೀರ್ತಿಗೆ ಪಾತ್ರರಾದರು.

1948ರಲ್ಲಿ ಕಾಶ್ಮೀರದ ಸೇನಾ ವಿಭಾಗದ ಹೊಣೆ ಅವರ ಹೆಗಲೇರಿದಾಗ ಲಡಾಖ್ ಕೈತಪ್ಪುವ ಹಂತದಲ್ಲಿತ್ತು. ದ್ರಾಸ್, ಕಾರ್ಗಿಲ್ ಶತ್ರುವಶವಾದವು. ಲೇಹ್‌ಗೆ ನೆಲಮಾರ್ಗವೇ ಮುಚ್ಚಿತ್ತು. ಮೇ ತಿಂಗಳಲ್ಲಿ ವಾಯುಪಡೆಯ ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಲೇಹ್‌ನ ಮಣ್ಣಿನ ಪಟ್ಟಿಯ ಮೇಲೆ ಡಕೋಟಾ ವಿಮಾನ ಇಳಿಸಿದಾಗ ಸ್ವತಃ ತಿಮ್ಮಯ್ಯನವರೂ ಅದರಲ್ಲಿದ್ದರು. ಆದರೆ ವಿಮಾನದ ಸರಬರಾಜನ್ನೇ ನಂಬಿ ಚಳಿಗಾಲ ಕಳೆಯುವುದು ಸುಲಭವಿರಲಿಲ್ಲ. ಜೋಜಿ ಲಾ ತೆರೆಯಲೇಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಪದಾತಿ ದಳ ನಡೆಸಿದ ದಾಳಿ, ಎತ್ತರದ ಬಂಡೆಗಳಲ್ಲಿ ಅವಿತ ಶತ್ರುಗಳ ಗುಂಡಿನ ಮಳೆಗೆ ವಿಫಲವಾಯಿತು. ಹಿಮ ದಟ್ಟವಾಗುವ ಮುನ್ನ ಉಳಿದಿದ್ದುದು ಕೆಲವೇ ವಾರಗಳು.

ಆಗ ತಿಮ್ಮಯ್ಯನವರು ಕೈಗೊಂಡ ನಿರ್ಧಾರ ಅನೇಕರಿಗೆ ಹುಚ್ಚು ಸಾಹಸದಂತೆ ತೋರಿತು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಜಮ್ಮು ಕಡೆಯಿಂದ ಗೋಪ್ಯವಾಗಿ ತರಿಸಲಾಯಿತು. ದುರ್ಬಲ ಸೇತುವೆಗಳು ಭಾರ ತಾಳಲೆಂದೂ, ಬೇಹುಗಾರರ ಕಣ್ಣಿಗೆ ಬೀಳದಿರಲೆಂದೂ ತೋಪುಗೋಪುರಗಳನ್ನು ಕಳಚಿ ಸಾಗಿಸಲಾಯಿತು. ಬಾಲ್ಟಾಲ್‌ನಿಂದ ಕಣಿವೆಯ ನೆತ್ತಿಯವರೆಗಿನ ಹೇಸರಗತ್ತೆಯ ಕಾಲುಹಾದಿಯನ್ನು ಟ್ಯಾಂಕ್ ಸಾಗುವಷ್ಟು ಅಗಲಗೊಳಿಸಿದವರು, ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ದಳದ ಯೋಧರು. ಹಿಮಪಾತದಿಂದ ದಾಳಿಯ ದಿನ ಮುಂದೂಡಲ್ಪಟ್ಟು, ಕೊನೆಗೆ ನವೆಂಬರ್ 1ರಂದು ಟ್ಯಾಂಕ್‌ಗಳು ಕಣಿವೆಯನ್ನು ಪ್ರವೇಶಿಸಿದವು. ತಿಮ್ಮಯ್ಯನವರೂ ಮುಂಚೂಣಿಯಲ್ಲಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಕಾಣುವುದನ್ನು ಊಹಿಸಿರದ ಶತ್ರುಪಡೆ ನೆಲೆ ತೊರೆಯಿತು. ಅದೇ ತಿಂಗಳಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಮರಳಿ ವಶವಾದವು, ಲೇಹ್ ಉಳಿಯಿತು.

ಈ ಯಶಸ್ಸಿನ ಹಿಂದೆ ಧೈರ್ಯದಷ್ಟೇ ಭೌತಶಾಸ್ತ್ರವೂ ಇದೆ. 12 ಟನ್ನಿಗೂ ಮಿಕ್ಕ ಟ್ಯಾಂಕಿನ ಭಾರವನ್ನು ಅದರ ಉದ್ದನೆಯ ಸರಪಳಿ ಪಟ್ಟಿಗಳು ನೆಲಕ್ಕೆ ಹರಡುತ್ತವೆ. ಕಾರಿನ ಭಾರವಾದರೋ ಅಂಗೈಯಗಲದ ನಾಲ್ಕು ತಾಣಗಳ ಮೇಲೆ ನಿಲ್ಲುತ್ತದೆ. ಕೆಸರು ಗದ್ದೆಗಿಳಿಸುವ ಟ್ರ್ಯಾಕ್ಟರಿಗೆ ನಮ್ಮ ರೈತರು ಕಬ್ಬಿಣದ ಕೇಜ್‌ವೀಲ್ ಕಟ್ಟುವುದೂ ಇದೇ ತತ್ವದಿಂದ.

ಇಂದಿನ ಎಸ್‌ಯುವಿ ಚಾಲಕರಿಗೂ ಪಾಠ ಇದರಲ್ಲಿದೆ. ನಮ್ಮೂರಿನ ಬಿಸಿಲಿಗೆ ಹೊಂದುವ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಿಮದ ಟೈರಿನ ರಬ್ಬರು ಮೃದುವಾಗಿಯೇ ಉಳಿಯುತ್ತದೆ. ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿಹ್ನೆಯುಳ್ಳ ಟೈರು ಪರೀಕ್ಷೆಗೆ ಒಳಪಟ್ಟದ್ದು. ಬರೀ ಎಂ ಪ್ಲಸ್ ಎಸ್ ಎಂದಿದ್ದರೆ ಅದು ತಯಾರಕರ ಹೇಳಿಕೆ ಮಾತ್ರ. ನಾಲ್ಕೂ ಚಕ್ರಗಳಿಗೆ ಒಂದೇ ಬಗೆಯ ಟೈರು ಇರಬೇಕು. ನಾಲ್ಕು ಚಕ್ರಗಳ ಚಾಲನೆಯು ವಾಹನ ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ಆಳವಾದ ಹಿಮದಲ್ಲಿ ಚಕ್ರಕ್ಕೆ ಸರಪಳಿ ತೊಡಿಸಿ ನಿಧಾನವಾಗಿ ಸಾಗುವುದೇ ಕ್ಷೇಮ. ಹಿಮವು ವಾಹನದ ತಳಕ್ಕೆ ತಾಗಿದರೆ ಯಾವ ಟೈರೂ ಕಾಯಲಾರದು, ಹಿಂದಿರುಗುವುದೇ ವಿವೇಕ.

ಹಿಂದಿರುಗುವ ವಿವೇಕದ ಬೆಲೆಯನ್ನು ತಿಮ್ಮಯ್ಯನವರ ಮುಂದಿನ ಬದುಕೂ ಹೇಳುತ್ತದೆ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಷಯದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ವಿಶ್ವದ ಮೆಚ್ಚುಗೆ ಗಳಿಸಿದರು. 1954ರಲ್ಲಿ ಪದ್ಮಭೂಷಣ ಸಂದಿತು. 1957ರಲ್ಲಿ ಭೂಸೇನಾ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ 1959ರಲ್ಲಿ ರಾಜೀನಾಮೆ ನೀಡಿ, ಪ್ರಧಾನಿ ನೆಹರೂ ಅವರ ಮನವೊಲಿಕೆಗೆ ಮಣಿದು ಹಿಂಪಡೆದರು. ಈ ನಡೆ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. 1961ರಲ್ಲಿ ನಿವೃತ್ತರಾದರು, ಮರುವರ್ಷವೇ ಚೀನಾ ಯುದ್ಧ ಎರಗಿತು.

1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ತೆರಳಿದ ಅವರು 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ನಿಧನರಾದರು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಲೋಕಾರ್ಪಣೆಗೊಂಡಿತು. ಲಡಾಖ್‌ಗೆ ಹೊರಡುವ ಮುನ್ನ ಕನ್ನಡಿಗರು ಟೈರಿನ ಗಾಳಿ ನೋಡಿಕೊಳ್ಳುವಂತೆಯೇ, ಆ ದಾರಿಯನ್ನು ದೇಶಕ್ಕೆ ಉಳಿಸಿಕೊಟ್ಟವರ ಮನೆಯನ್ನೂ ಒಮ್ಮೆ ನೋಡಿ ಬರುವುದು ಉಚಿತ.