ಘರ್ಷಣೆಯ ಲೆಕ್ಕ ಒಪ್ಪಿಸಿದ ಜೇಮ್ಸ್ ಜೂಲ್

ನೆಲದ ಮೇಲೆ ಒಂದು ಪೆಟ್ಟಿಗೆಯನ್ನು ತಳ್ಳಿಬಿಡಿ. ಅದು ಸ್ವಲ್ಪ ದೂರ ಜಾರಿ ನಿಂತುಬಿಡುತ್ತದೆ. ಅದಕ್ಕಿದ್ದ ಚಲನಶಕ್ತಿ ಎಲ್ಲಿಗೆ ಹೋಯಿತು? ಘರ್ಷಣೆಯಿಂದ ನಷ್ಟವಾಯಿತು ಎಂದು ಬರೆದು ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಆ ನಷ್ಟದ ಲೆಕ್ಕವನ್ನು ಒಪ್ಪಿಸಲು ತನ್ನ ಬಾಳಿನ ಬಹುಭಾಗವನ್ನು ಸವೆಸಿದ ವ್ಯಕ್ತಿಯೊಬ್ಬರಿದ್ದರು. ಅವರೇ ಜೇಮ್ಸ್ ಪ್ರೆಸ್ಕಾಟ್ ಜೂಲ್.

ಜೂಲ್ 1818ರ ಡಿಸೆಂಬರ್ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಸಾಲ್ಫರ್ಡ್‌ನಲ್ಲಿ ಜನಿಸಿದರು. ತಂದೆ ಬಿಯರ್ ತಯಾರಿಕೆಯ ಉದ್ಯಮಿ. ಬಾಲ್ಯದಲ್ಲಿ ಜೂಲ್ ಅವರ ಆರೋಗ್ಯ ಅಷ್ಟಕ್ಕಷ್ಟೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಆದರೆ ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಅವರಲ್ಲಿ ಪಾಠ ಕಲಿಯುವ ಭಾಗ್ಯ ಒದಗಿತು. ಮುಂದೆ ಮನೆಯ ಉದ್ಯಮ ನೋಡಿಕೊಳ್ಳುತ್ತಲೇ, ಸ್ವಂತ ಖರ್ಚಿನಲ್ಲಿ ಪ್ರಯೋಗಗಳಿಗೆ ಕೈಹಾಕಿದರು.

ಉಷ್ಣವೆಂಬುದು ಒಂದು ವಸ್ತು, ಅದು ಕಣ್ಣಿಗೆ ಕಾಣದ ದ್ರವದಂತೆ ಹರಿಯುತ್ತದೆ ಎಂದು ಆಗ ಅನೇಕರು ನಂಬಿದ್ದರು. ಹಾಗಲ್ಲ, ಕೆಲಸವೇ ಉಷ್ಣವಾಗಿ ಮಾರ್ಪಡುತ್ತದೆ ಎಂದು 1843ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಜೂಲ್ ಹೇಳಿದಾಗ ಯಾರೂ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಅವರು ಎದೆಗುಂದಲಿಲ್ಲ. 1847ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮತ್ತೆ ವಿಷಯ ಮಂಡಿಸಿದರು. ಅಲ್ಲಿ ಯುವ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಅವರ ಗಮನ ಇದರತ್ತ ಹರಿಯಿತು. ಇವರೇ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು.

ಜೂಲ್ ಅವರ ಪ್ರಯೋಗ ಸರಳವಾಗಿತ್ತು. ತೂಕದ ಗುಂಡುಗಳು ಕೆಳಗಿಳಿಯುವಾಗ ಹಗ್ಗ ಎಳೆದು, ಪಾತ್ರೆಯ ನೀರಿನಲ್ಲಿದ್ದ ರೆಕ್ಕೆಗಳನ್ನು ತಿರುಗಿಸುತ್ತಿದ್ದವು. ನೀರಿನ ಘರ್ಷಣೆಯಿಂದ ಉಷ್ಣ ಹುಟ್ಟುತ್ತಿತ್ತು. ಸುಮಾರು 63 ಇಂಚು ಎತ್ತರದಿಂದ 20 ಬಾರಿ ಇಳಿಸಿದರೂ ನೀರಿನ ತಾಪ ಏರಿದ್ದು ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತುಸು ಹೆಚ್ಚು ಮಾತ್ರ! ಅವರ ತಾಳ್ಮೆ ಎಂಥದ್ದಿರಬೇಕು, ಯೋಚಿಸಿ. ನೀರಿನ ಬದಲು ಪಾದರಸ ಬಳಸಿದರು, ಎರಕದ ಕಬ್ಬಿಣವನ್ನು ಕಬ್ಬಿಣಕ್ಕೆ ಉಜ್ಜಿದರು. ಎಲ್ಲದರಲ್ಲೂ ಉತ್ತರ ಹೆಚ್ಚುಕಡಿಮೆ ಒಂದೇ. ಒಂದು ಪೌಂಡ್ ನೀರಿನ ತಾಪವನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು 772 ಅಡಿ-ಪೌಂಡ್ ಕೆಲಸ ಬೇಕು. ಇಂದಿನ ಬೆಲೆ ಸುಮಾರು 778. ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ.

1850ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಲೇಖನ ಅಚ್ಚಾಯಿತು. ಆದರೆ ಘರ್ಷಣೆ ಎಂದರೆ ಕೆಲಸವು ಉಷ್ಣವಾಗಿ ಬದಲಾಗುವುದು ಎಂಬ ತೀರ್ಮಾನವನ್ನು ಪರಿಶೀಲಕ ಸಮಿತಿಯ ಇಚ್ಛೆಯಂತೆ ಕೈಬಿಡಬೇಕಾಯಿತು. ಅಂಕಿಗಳು ಉಳಿದವು, ಅವುಗಳ ಅರ್ಥವನ್ನು ಬಿಡಲಾಯಿತು. 1854ರಲ್ಲಿ ಪತ್ನಿ ಅಮೀಲಿಯಾ ತೀರಿಕೊಂಡರು. ಈ ನೋವಿನ ನಡುವೆಯೂ ಜೂಲ್ ಅಳತೆಯನ್ನು ಬಿಡಲಿಲ್ಲ. 1870ರಲ್ಲಿ ಅದೇ ಸೊಸೈಟಿ ಅವರಿಗೆ ಕಾಪ್ಲೆ ಪದಕ ನೀಡಿತು.

ಈಗ ನಿಮ್ಮ ಪೆಟ್ಟಿಗೆಗೆ ಬನ್ನಿ. ದ್ರವ್ಯರಾಶಿ 2 ಕಿಲೋಗ್ರಾಂ, ವೇಗ ಸೆಕೆಂಡಿಗೆ 4 ಮೀಟರ್ ಇರಲಿ. ಅರ್ಧ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ 16 ಜೂಲ್. ಘರ್ಷಣಾ ಗುಣಾಂಕ 0.2, ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಂಡರೆ ಘರ್ಷಣಾ ಬಲ 4 ನ್ಯೂಟನ್. 16ನ್ನು 4ರಿಂದ ಭಾಗಿಸಿ. ಪೆಟ್ಟಿಗೆ 4 ಮೀಟರ್ ಜಾರಿ ನಿಲ್ಲುತ್ತದೆ. ವೇಗೋತ್ಕರ್ಷ, ಕಾಲ ಯಾವುದನ್ನೂ ಹುಡುಕಬೇಕಾಗಿಲ್ಲ. ಆ 16 ಜೂಲ್ ಮಾಯವಾಗಿಲ್ಲ. ಬಹುಪಾಲು ಪೆಟ್ಟಿಗೆ ಮತ್ತು ನೆಲವನ್ನು ಬೆಚ್ಚಗಾಗಿಸಿದೆ. ಅಷ್ಟು ಶಕ್ತಿ ಒಂದು ಗ್ರಾಂ ನೀರಿನ ತಾಪವನ್ನು ಸುಮಾರು 3.8 ಡಿಗ್ರಿ ಸೆಲ್ಸಿಯಸ್ ಏರಿಸಬಲ್ಲದು.

ಜೂಲ್ 1889ರ ಅಕ್ಟೋಬರ್ 11ರಂದು ಸೇಲ್ ಎಂಬ ಊರಿನಲ್ಲಿ ನಿಧನರಾದರು. ಅವರ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಅಂಕಿ ಇದೆ. ಅದು 1878ರಲ್ಲಿ ಅವರು ಮತ್ತೊಮ್ಮೆ ಅಳೆದು ಕಂಡುಕೊಂಡ ಬೆಲೆ. ಪರೀಕ್ಷೆಯ ಉತ್ತರದ ಕೊನೆಗೆ ಜೂಲ್ ಎಂದು ಬರೆಯುವಾಗ, ಕಾಲೇಜಿನ ಪದವಿಯಿಲ್ಲದೆ, ಕೇಳುವವರಿಲ್ಲದಿದ್ದರೂ ಅಳತೆಯನ್ನು ಬಿಡದ ಆ ಮನುಷ್ಯನನ್ನು ಒಮ್ಮೆ ನೆನೆಯಿರಿ.