ಕ್ಷಮೆಯನ್ನು ಬಾಳಿದ ಸಂತ ಜೋಸೆಫ್ ವಾಜ್

ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಪ್ರಭುವನ್ನು ಕೇಳಿದನು. ಏಳು ಸಲವೆಂದರೆ ಬಹಳವಾಯಿತೆಂಬುದು ಅವನ ಎಣಿಕೆ. ಪ್ರಭು ಯೇಸು ಆ ಎಣಿಕೆಯನ್ನೇ ಅಳಿಸಿಬಿಟ್ಟರು. ಈ ಬೋಧನೆಯನ್ನು ಬಾಳಿ ತೋರಿಸಿದ ಗುರುವೊಬ್ಬರು ನಮ್ಮ ನಾಡಿನ ಕರಾವಳಿಯಲ್ಲೇ ಸೇವೆ ಸಲ್ಲಿಸಿದ್ದರೆಂಬುದು ನಮಗೆ ಸಂತೋಷದ ಸಂಗತಿ. ಅವರೇ ಸಂತ ಜೋಸೆಫ್ ವಾಜ್.

1651ರ ಏಪ್ರಿಲ್ 21ರಂದು ಗೋವೆಯ ಬೆಣಾವ್ಲಿಯಲ್ಲಿ ಜನಿಸಿದ ಇವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಕನ್ನಡ ಜಿಲ್ಲೆಗೆ ಮೇಲ್ವಿಚಾರಕರಾಗಿ ಬಂದಾಗ ಅಲ್ಲಿ ಧರ್ಮಸಭೆಯೊಳಗೇ ಕಲಹವಿತ್ತು. ಪೋರ್ಚುಗೀಸ್ ರಾಜನ ಹಕ್ಕಿಗೆ ಒಳಪಟ್ಟ ಗೋವೆಯ ಅಧಿಕಾರಿಗಳು ಒಂದು ಕಡೆ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೋ ಇನ್ನೊಂದು ಕಡೆ. ಯಾರ ಮಾತು ಕೇಳಬೇಕೆಂದು ತಿಳಿಯದೆ ಭಕ್ತಜನರು ತೊಳಲಾಡುತ್ತಿದ್ದರು. ವಾಜ್ ಗುರುಗಳು ಗೋವೆಯ ಕಡೆಯವರು. ಆದರೂ ಅವರು ಕಲಹವನ್ನು ಬೆಳೆಸದೆ, ಧರ್ಮಾಧ್ಯಕ್ಷರನ್ನು ವಿನಯದಿಂದ ಕಂಡು, ಜನರ ಆತ್ಮಹಿತಕ್ಕಾಗಿ ಶಾಂತಿಯನ್ನು ಬೇಡಿದರು. ಹೊರಗಿನವರ ಪೆಟ್ಟಿಗಿಂತ ಮನೆಯವರ ಮಾತು ಹೆಚ್ಚು ನೋಯಿಸುತ್ತದೆ. ಕ್ಷಮೆಯ ಮೊದಲ ಪಾಠವನ್ನು ಅವರು ಮನೆಯೊಳಗೇ ಕಲಿತರು.

1684ರಲ್ಲಿ ಗೋವೆಗೆ ಮರಳಿ, ಮರುವರ್ಷ ಆರಾಟೋರಿಯನ್ ಸಭೆಯನ್ನು ಸೇರಿದರು. ಆ ಕಾಲದಲ್ಲಿ ಸಿಂಹಳದ್ವೀಪದ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಗುರುಗಳಿಲ್ಲದ ಆ ಜನರಿಗಾಗಿ ವಾಜ್ ಗುರುಗಳು 1687ರಲ್ಲಿ ಭಿಕ್ಷುಕನ ವೇಷದಲ್ಲಿ ಜಾಫ್ನಾ ತಲುಪಿ, ರಾತ್ರಿಯ ಹೊತ್ತು ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ, ಕ್ಯಾಲ್ವಿನ್ ಪಂಥದ ಫ್ರೆಂಚನೊಬ್ಬನ ದೂರಿನಿಂದ ಪೋರ್ಚುಗೀಸರ ಗೂಢಚಾರರೆಂಬ ಆರೋಪ ಹೊತ್ತು ಸೆರೆಮನೆ ಸೇರಿದರು.

ಐದು ವರ್ಷಗಳ ಬಳಿಕ, 1697ರಲ್ಲಿ, ಅದೇ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಬಂಧುಗಳೇ ರೋಗಿಗಳನ್ನು ಬಿಟ್ಟು ಓಡಿದರು. ಆಗ ವಾಜ್ ಗುರುಗಳು ಸೋದರಳಿಯ ಜೋಸೆಫ್ ಕಾರ್ವಾಲ್ಹೊ ಗುರುಗಳೊಡನೆ ರೋಗಿಗಳ ಹುಣ್ಣು ತೊಳೆದರು, ಅನ್ನ ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮದವನೆಂದು ಯಾರನ್ನೂ ಕೇಳಲಿಲ್ಲ. ತಮ್ಮನ್ನು ಸೆರೆಯಲ್ಲಿಟ್ಟ ಊರಿಗೆ ಅವರು ಸಲ್ಲಿಸಿದ ಉತ್ತರ ಇದು. 1711ರ ಜನವರಿ 16ರಂದು ಅದೇ ಊರಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಸಾರಿದರು.

ಪ್ರಿಯ ಭಕ್ತಾದಿಗಳೇ, ನಮ್ಮನ್ನು ಯಾರೂ ಸೆರೆಮನೆಗೆ ತಳ್ಳಿಲ್ಲ. ನಮ್ಮ ವೈರಗಳು ಹೊಲದ ಬದುವಿನವು, ಆಸ್ತಿಯ ಪಾಲಿನವು, ಮದುವೆಯ ಮನೆಯಲ್ಲಾಡಿದ ಒಂದು ಮಾತಿನವು. ಆದರೂ ಒಂದೇ ಪೀಠದ ಮುಂದೆ ಪರಮಪ್ರಸಾದ ಸ್ವೀಕರಿಸಿ, ಬಾಗಿಲು ದಾಟಿದೊಡನೆ ಮುಖ ತಿರುಗಿಸುವವರು ನಮ್ಮಲ್ಲಿಲ್ಲವೇ? ಒಮ್ಮೆ ಕ್ಷಮಿಸಿದೆನೆಂದರೆ ಮುಗಿಯುವುದಿಲ್ಲ. ಹಳೆಯ ನೋವು ನೆನಪಾದಾಗಲೆಲ್ಲ ಮತ್ತೆ ಕ್ಷಮಿಸಬೇಕಾಗುತ್ತದೆ. ಈ ಶತಮಾನೋತ್ಸವಕ್ಕೆ ತಂಬೂರಿನ ದೇವಾಲಯದ ಗೋಡೆಗೆ ಸುಣ್ಣ ಬಳಿದರೆ ಸಾಲದು. ಮಾತು ಬಿಟ್ಟ ಒಬ್ಬ ಅಣ್ಣ ತಮ್ಮನ ಮನೆಯ ಹೊಸ್ತಿಲು ತುಳಿದರೆ, ಅದೇ ನಾವು ಪ್ರಭುವಿಗೆ ಅರ್ಪಿಸುವ ನಿಜವಾದ ಕಾಣಿಕೆ.