ಮಲಪ್ರಭೆಯಿಂದ ಬರುವ ಇಬ್ಬರು

ಹಾಸ್ಟೆಲಿನಲ್ಲಿ ಕರೆಂಟು ಹೋದರೆ ಓದು ನಿಲ್ಲುತ್ತದೆ, ದೆವ್ವದ ಕತೆ ಶುರುವಾಗುತ್ತದೆ. ಕಳೆದ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ಅಂಥದೇ ಒಂದು ರಾತ್ರಿ ಗೆಳೆಯನೊಬ್ಬ ಲಂಡನ್ ಟವರ್ ಕೋಟೆಯ ಕತೆ ತೆಗೆದ. ಇಂಗ್ಲೆಂಡಿನ ರಾಣಿ ಆ್ಯನ್ ಬೊಲಿನ್‌ಳ ತಲೆಯನ್ನು 1536ರ ಮೇ 19ರಂದು ಆ ಕೋಟೆಯೊಳಗೇ ಕಡಿಸಿದ್ದು ಅವಳ ಗಂಡ, ಎಂಟನೇ ಹೆನ್ರಿ. ಹೊರಿಸಿದ್ದು ವ್ಯಭಿಚಾರ, ರಾಜದ್ರೋಹದ ಆರೋಪ. ಆದರೆ ಗಂಡುಮಗು ಹೆರಲಿಲ್ಲ ಎಂಬ ಸಿಟ್ಟು ಮೊದಲಿನಿಂದಲೂ ಇತ್ತು. ಅವಳು ಈಗಲೂ ತನ್ನ ತಲೆಯನ್ನು ಕಂಕುಳಲ್ಲಿಟ್ಟುಕೊಂಡು ಕೋಟೆಯಲ್ಲಿ ತಿರುಗುತ್ತಾಳಂತೆ.

ನಮ್ಮ ಕಡೆಯೂ ಇಂಥದ್ದೊಂದಿದೆ ಎಂದು ನಾನು ಬಾಯಿ ಹಾಕಿದೆ. ನನ್ನದು ರೋಣ ತಾಲ್ಲೂಕಿನ ಬೆಳವಣಕಿ. ನಮ್ಮ ಆಯಿಯ ತವರು ನರಗುಂದದ ಕಡೆ. ಸಣ್ಣವನಿದ್ದಾಗ ಊಟಕ್ಕೆ ಹಟ ಮಾಡಿದರೆ ಅವಳು ಹೇಳುತ್ತಿದ್ದ ಕತೆ ಇದು: ಅಮಾವಾಸ್ಯೆ ರಾತ್ರಿ ಮಲಪ್ರಭಾ ಹೊಳೆಯಿಂದ ಇಬ್ಬರು ಹೆಣ್ಣುಮಕ್ಕಳು ಒದ್ದೆ ಸೀರೆಯಲ್ಲೇ ನರಗುಂದದ ಗುಡ್ಡದ ಕಡೆ ನಡೆದು ಬರುತ್ತಾರೆ. ಒಬ್ಬಾಕೆ ವಯಸ್ಸಾದವಳು, ಇನ್ನೊಬ್ಬಳು ಹರೆಯದವಳು. ಅರ್ಧ ದಾರಿಯಲ್ಲಿ ನಿಂತು ಕೋಟೆ ನೋಡಿ ವಾಪಸ್ ಹೋಗುತ್ತಾರೆ. ಯಾರೆಂದು ಕೇಳಬಾರದು.

ಆಯಿಯ ದನಿ ಅನುಕರಿಸಿ ಹೇಳಿದೆ. ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ. ಆಗ ಒಬ್ಬ ಕೇಳಿದ, ಆ ಇಬ್ಬರು ಯಾರು ಅಂತ. ನನಗೆ ಗೊತ್ತಿರಲಿಲ್ಲ. ಪಿಯುಸಿಯಲ್ಲಿ ಗೆಳೆಯರೊಡನೆ ಅದೇ ಗುಡ್ಡ ಹತ್ತಿದ್ದೆ. ಮೇಲೆ ನಾವು ಮಾಡಿದ್ದು ಸೆಲ್ಫಿ ಮಾತ್ರ.

ಪರೀಕ್ಷೆ ಮುಗಿದ ಮೇಲೆ ಲೈಬ್ರರಿಯಲ್ಲಿ ಕೂತು ನರಗುಂದದ ಬಾಬಾಸಾಹೇಬರ ಬಗ್ಗೆ ಓದಿದೆ. ಹೈಸ್ಕೂಲಿನಲ್ಲಿ ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದ ಹೆಸರು. ನಿಜ ಹೆಸರು ಭಾಸ್ಕರರಾವ್ ಭಾವೆ. ಓದಿನ ಹುಚ್ಚಿನ ಮನುಷ್ಯ, ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಹಾಕಿದ್ದರು. ಅವರ ಮನೆತನ ಇದಕ್ಕೂ ಮುಂಚೆ ಒಮ್ಮೆ ಏಟು ತಿಂದಿತ್ತು. 1785ರಲ್ಲಿ ಟಿಪ್ಪುವಿನ ಸೈನ್ಯ ಇದೇ ಕೋಟೆಗೆ ಮುತ್ತಿಗೆ ಹಾಕಿ ಆಗಿನ ಅರಸ ವೆಂಕಟರಾವ್ ಅವರನ್ನು ಸೆರೆಹಿಡಿದು ಕಬ್ಬಾಳದುರ್ಗಕ್ಕೆ ಒಯ್ದಿತ್ತು.

ಬಾಬಾಸಾಹೇಬರ ಕಷ್ಟ ಶುರುವಾದದ್ದೂ ಒಂದು ಮಗುವಿನ ವಿಷಯಕ್ಕೇ. ಅವರಿಗೆ ವಾರಸುದಾರರಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದರು, ಕಂಪನಿ ಸರ್ಕಾರ ಕೊಡಲಿಲ್ಲ. ಸಾತಾರಾ, ಝಾನ್ಸಿಗಳನ್ನು ನುಂಗಿದ್ದೂ ಇದೇ ನೆಪದಲ್ಲಿ. ಆಮೇಲೆ ಬಂತು ಆಯುಧ ಒಪ್ಪಿಸುವ ಕಾನೂನು. ಹಲಗಲಿಯ ಬೇಡರು 1857ರಲ್ಲಿ ತಿರುಗಿಬಿದ್ದದ್ದು ಇದಕ್ಕೇ. ಬಾಬಾಸಾಹೇಬರಿಗೂ ಕೋಟೆಯ ತೋಪುಗಳನ್ನು ಧಾರವಾಡಕ್ಕೆ ಕಳಿಸಲು ಆದೇಶವಾಯಿತು.

1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತಂಗಿದ್ದ. ರಾಮದುರ್ಗದ ಅರಸ ಬಾಬಾಸಾಹೇಬರ ಮಲಸಹೋದರ. ಆತ ಎಚ್ಚರಿಕೆ ಕೊಟ್ಟಿದ್ದರೂ ಮ್ಯಾನ್ಸನ್ ಕೇಳಿರಲಿಲ್ಲ. ನರಗುಂದದ ಕುದುರೆ ಸವಾರರು ಮಲಗಿದ್ದವನ ಮೇಲೆ ಬಿದ್ದರು. ಕಡಿದ ತಲೆಯನ್ನು ನರಗುಂದಕ್ಕೆ ತಂದು ಅಗಸಿಗೆ ಕಟ್ಟಿದರು. ಆ ಜಾಗ ಜನರ ಬಾಯಲ್ಲಿ ಇವತ್ತಿಗೂ ಕೆಂಪಗಸಿ. ಮಲಗಿದವನನ್ನು ಕೊಂದದ್ದು ಸರಿಯೇ ಎಂದು ಓದುವಾಗ ನನಗೆ ಅನ್ನಿಸಿದ್ದುಂಟು. ಪಠ್ಯದಲ್ಲಿ ಈ ಭಾಗವನ್ನು ಬೇಗ ದಾಟಿಸಿಬಿಡುತ್ತಾರೆ.

ಮೂರೇ ದಿನ. ಜೂನ್ 1ಕ್ಕೆ ಕರ್ನಲ್ ಮಾಲ್ಕಂನ ಸೈನ್ಯ ಬಂತು. ಮರುದಿನ ಕೋಟೆ ಹತ್ತಿ ನೋಡಿದರೆ ಮೇಲೆ ಅರಸನಿಲ್ಲ. ಪಂಢರಪುರದ ಯಾತ್ರಿಕರ ವೇಷದಲ್ಲಿ ಕಾಡಿನಲ್ಲಿ ಹೊರಟಿದ್ದ ಬಾಬಾಸಾಹೇಬರನ್ನು ಬೆಳಗಾವಿಯ ಪೊಲೀಸ್ ಅಧಿಕಾರಿ ಸೌಟರ್ ಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಎಲ್ಲರ ಎದುರು ಗಲ್ಲಿಗೇರಿಸಿದರು. ಮ್ಯಾನ್ಸನ್ ಸತ್ತು ಎರಡು ವಾರ ಅಷ್ಟೇ. ನಮ್ಮ ಲ್ಯಾಬ್ ರೆಕಾರ್ಡಿಗೆ ಸಹಿ ಬೀಳಲು ಇದಕ್ಕಿಂತ ಹೆಚ್ಚು ದಿನ ಬೇಕು.

ಇಷ್ಟು ಓದಿ ಮುಚ್ಚಿಡುವವನಿದ್ದೆ. ಕೊನೆಯಲ್ಲಿ ಒಂದು ಸಾಲು ಕಂಡಿತು. ಕೋಟೆ ಬಿದ್ದ ಮೇಲೆ ಮನೆ ಬಿಟ್ಟುಹೋದ ಬಾಬಾಸಾಹೇಬರ ತಾಯಿ ಮತ್ತು ಹೆಂಡತಿಯ ಶವಗಳು ಮಲಪ್ರಭೆಯಲ್ಲಿ ಸಿಕ್ಕವು. ಒಬ್ಬಾಕೆ ವಯಸ್ಸಾದವಳು, ಇನ್ನೊಬ್ಬಳು ಹರೆಯದವಳು.

ಮೈ ಜುಮ್ಮೆಂದಿತು. ಲಂಡನ್ನಿನಲ್ಲಿ ಶಿರಚ್ಛೇದಕ್ಕೊಳಗಾದ ರಾಣಿಯೇ ದೆವ್ವವಾದಳು. ನಮ್ಮಲ್ಲಿ ಗಲ್ಲಿಗೇರಿದ ಅರಸ ಪಠ್ಯಕ್ಕೆ ಹೋದರು. ಯಾವ ನ್ಯಾಯಾಲಯವೂ ಶಿಕ್ಷೆ ಕೊಡದ ಅತ್ತೆ ಸೊಸೆ ಆಯಿಯ ಕತೆಗೆ ಬಂದರು. ಎರಡು ಅಂಕದ ಉತ್ತರದಲ್ಲಿ ಅವರಿಗೆ ಜಾಗವಿರಲಿಲ್ಲ. ಆಯಿಗೆ ಓದು ಬರುವುದಿಲ್ಲ, 1858 ಎಂಬ ಇಸವಿಯೂ ಗೊತ್ತಿಲ್ಲ. ಆದರೂ ಇಬ್ಬರು ಎಂಬ ಲೆಕ್ಕ, ಹೊಳೆಯ ಹೆಸರು, ಇಬ್ಬರ ವಯಸ್ಸಿನ ಅಂತರ ಒಂದೂ ತಪ್ಪಿರಲಿಲ್ಲ. ಅದನ್ನೇ ನಾನು ಹಾಸ್ಟೆಲಿನಲ್ಲಿ ನಗೆಚಾಟಿಕೆ ಮಾಡಿದ್ದೆ.

ರಜೆಗೆ ಊರಿಗೆ ಹೋದಾಗ ಕಡಲೆ ಹಸನು ಮಾಡುತ್ತ ಕೂತಿದ್ದ ಆಯಿಯ ಮುಂದೆ ತಾರೀಖು ಸಮೇತ ಎಲ್ಲ ಹೇಳಿದೆ. ಅವಳಿಗೆ ಅಚ್ಚರಿಯೇನೂ ಆಗಲಿಲ್ಲ. ಮೊರ ಕೆಳಗಿಟ್ಟು ಒಂದೇ ಮಾತು ಕೇಳಿದಳು, ಅತ್ತೆ ಸೊಸೆಯ ಕೈ ಹಿಡಿದಿದ್ದಳು ಅಂತ ಆ ಪುಸ್ತಕದಲ್ಲಿ ಬರೆದಿದೆಯಾ ಎಂದು. ಬರೆದಿಲ್ಲ ಎಂದೆ. ಹಿಡಿದಿದ್ದಳಂತೆ, ತನ್ನವ್ವ ಹಾಗೇ ಹೇಳುತ್ತಿದ್ದಳು ಎಂದು ಮತ್ತೆ ಮೊರ ಎತ್ತಿಕೊಂಡಳು.